ಕೊಲೊನೋಸ್ಕೋಪಿಲಿ ನೋವೂ ಕಮ್ಮಿ ಆಗ್ಬೇಕು, ಕರುಳೂ ಪೂರ್ತಿ ಕಾಣ್ಬೇಕು: ಗಾಳಿ, ಕಾರ್ಬನ್ ಡೈಆಕ್ಸೈಡ್, ನೀರು, ಅರಿವಳಿಕೆ, ಯಾವ್ದು ಒಳ್ಳೇದು?

ಪ್ರಶ್ನೆ: ಡಾಕ್ಟ್ರೇ ನಮಸ್ತೆ, ನಮ್ದು ಶಿವಮೊಗ್ಗ ಕಡೆ. ಅಮ್ಮಂಗೆ 61 ವರ್ಷ, ಸಣ್ಣ ಮೈಕಟ್ಟು, ಶುಗರ್ ಇದೆ, ಗರ್ಭಕೋಶ ತೆಗೆಸಿ ಸುಮಾರು ವರ್ಷ ಆಯ್ತು. ಹಿಮೋಗ್ಲೋಬಿನ್ 8ಕ್ಕೆ ಇಳಿದಿತ್ತು, ಐರನ್ ಕಮ್ಮಿ ಇದೆ ಅಂತ ಬಂತು, ಅದಕ್ಕೆ ಕೊಲೊನೋಸ್ಕೋಪಿ ಮಾಡಿಸಿದ್ವಿ. ಇಂಜೆಕ್ಷನ್ ಏನೂ ಕೊಡದೆ ಹಾಗೇ ಮಾಡಿದ್ರು, ನೋವು ತಡೀಲಾರ್ದೆ ಅಮ್ಮ ಅತ್ತುಬಿಟ್ರು, ಅರ್ಧಕ್ಕೇ ನಿಲ್ಲಿಸಿದ್ರು. ರಿಪೋರ್ಟಲ್ಲಿ ಕರುಳು ಸರಿಯಾಗಿ ಕ್ಲೀನ್ ಆಗಿಲ್ಲ, ಪೂರ್ತಿ ನೋಡೋಕೆ ಆಗಿಲ್ಲ ಅಂತ ಬರೆದಿದಾರೆ. ಈಗ ಒಂದು ಆಸ್ಪತ್ರೆಲಿ ಪೂರ್ತಿ ಮಲಗಿಸಿ ಮಾಡ್ತೀವಿ ಅಂತಾರೆ, ಇನ್ನೊಂದು ಕಡೆ ಗಾಳಿ ಬದ್ಲು ಕಾರ್ಬನ್ ಡೈಆಕ್ಸೈಡ್ ಹಾಕ್ತೀವಿ ಅಂತಾರೆ, ಪರಿಚಯದೋರೊಬ್ರು ನೀರು ಹಾಕಿ ಮಾಡೋ ವಿಧಾನ ಇದೆ ಅದೇ ಬೆಸ್ಟ್ ಅಂದ್ರು. ಅಮ್ಮ ಅಂತೂ ಇನ್ನೊಂದ್ಸಲ ಬರೋದೇ ಇಲ್ಲ ಅಂತ ಕೂತಿದಾರೆ. ನೋವಿಲ್ದೆ ಮಾಡಿದ್ರೆ ಸರಿಯಾಗಿ ನೋಡ್ತಾರಾ? ಸಿಟಿ ಸ್ಕ್ಯಾನಲ್ಲೇ ಮುಗಿಸಬಹುದಾ?

ಉತ್ತರ: ಮೊದಲು ಅಮ್ಮಂಗೆ ಒಂದು ಮಾತು ಹೇಳಿ, ಅವ್ರಿಗೆ ನೋವಾಗಿದ್ದು ಅವ್ರ ಧೈರ್ಯ ಕಮ್ಮಿ ಅಂತಲ್ಲ. ಸಣ್ಣ ಮೈಕಟ್ಟಿನ ಹೆಂಗಸ್ರು, ಗರ್ಭಕೋಶ ತೆಗೆಸಿದೋರು, ಇವರಿಗೆ ಕೊಲೊನೋಸ್ಕೋಪಿ ಕಷ್ಟ ಆಗತ್ತೆ ಅನ್ನೋದು ಈ ಕೆಲಸ ಮಾಡೋ ಎಲ್ಲರಿಗೂ ಗೊತ್ತಿರೋ ವಿಷಯ. ಆಪರೇಷನ್ ಆದ ಜಾಗದಲ್ಲಿ ಒಳಗೆ ಅಂಟುಗಳು ಬೆಳ್ಕೊಂಡು ಎಡಭಾಗದ ಕರುಳು ಒಂದು ಕಡೆ ಹಿಡ್ಕೊಂಡಿರತ್ತೆ, ಚಿಕ್ಕ ಹೊಟ್ಟೆಯಲ್ಲಿ ಅಷ್ಟೇ ಉದ್ದದ ಕರುಳು ತುಂಬಾ ತಿರುವು ತಗೊಂಡಿರತ್ತೆ. ಅಂಥವರಿಗೆ ಏನೂ ಇಂಜೆಕ್ಷನ್ ಕೊಡದೆ, ಬರೀ ಗಾಳಿ ತುಂಬಿ ಮಾಡಿದ್ರೆ ಯಾರೇ ಆದ್ರೂ ಅಳ್ತಾರೆ.

ಆದ್ರೆ ಟೆಸ್ಟ್ ಬಿಡೋ ಹಾಗಂತೂ ಇಲ್ಲ. 61ನೇ ವಯಸ್ಸಲ್ಲಿ, ಮುಟ್ಟು ನಿಂತಮೇಲೆ, ಐರನ್ ಕಮ್ಮಿಯಾಗಿ ಹಿಮೋಗ್ಲೋಬಿನ್ 8ಕ್ಕೆ ಬಂದಿದೆ ಅಂದ್ರೆ ರಕ್ತ ಎಲ್ಲಿಂದಲೋ ಸೋರ್ತಿರಬಹುದು, ಬರೀ ಐರನ್ ಮಾತ್ರೆ ಕೊಟ್ಟು ಸುಮ್ಮನಾಗೋ ವಿಷಯ ಅಲ್ಲ. ದೊಡ್ಡ ಕರುಳಿನ ಬಲಭಾಗದಲ್ಲಿ ಗಡ್ಡೆ ಇದ್ರೆ ಅದು ತುಂಬಾ ಸಲ ಹೀಗೇನೇ ಗೊತ್ತಾಗೋದು, ಹೊಟ್ಟೆ ನೋವಿಲ್ಲ, ಮೋಷನ್‌ನಲ್ಲಿ ಕಣ್ಣಿಗೆ ಕಾಣೋ ರಕ್ತ ಇಲ್ಲ, ಬರೀ ಸುಸ್ತು ಮತ್ತೆ ರಕ್ತ ಕಮ್ಮಿ. ಸ್ಕೋಪ್ ಅಂದ್ರೆ ಮಲದ್ವಾರದಿಂದ ಹಾಕೋ ಕ್ಯಾಮೆರಾ ಇರೋ ಟ್ಯೂಬ್, ಅದು ಹೋಗೋದು ಎಡಭಾಗದಿಂದ, ಅರ್ಧಕ್ಕೆ ನಿಂತಿದೆ ಅಂದ್ರೆ ನೋಡಲೇಬೇಕಾಗಿದ್ದ ಬಲಭಾಗ ನೋಡೇ ಇಲ್ಲ. ಹಾಗಾಗಿ ಹೋದ ಸಲದ ರಿಪೋರ್ಟಲ್ಲಿ "ನೋಡಿದಷ್ಟು ನಾರ್ಮಲ್" ಅಂತ ಇದ್ರೂ ಅದನ್ನ ನಾರ್ಮಲ್ ಅಂತ ತಗೋಬೇಡಿ.

ಈಗ ನೋವು ಯಾಕಾಗತ್ತೆ ಅನ್ನೋದನ್ನ ಸ್ವಲ್ಪ ಹೇಳ್ತೀನಿ, ಅದು ತಿಳಿದ್ರೆ ಆ ಎರಡು ಆಸ್ಪತ್ರೆಯೋರು, ನಿಮ್ಮ ಪರಿಚಯದೋರು ಹೇಳಿದ್ದು ನಿಮಗೇ ತೂಗಿ ನೋಡೋಕೆ ಬರತ್ತೆ. ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದ, ಅದರ ಗೋಡೆಗೆ ಸೂಜಿ ಚುಚ್ಚಿದ್ರೂ ಅಂಥ ನೋವು ಗೊತ್ತಾಗಲ್ಲ, ಬಯಾಪ್ಸಿಗೆ ಅಂತ ಚೂರು ತೆಗೆಯುವಾಗ ರೋಗಿಗೆ ಏನೂ ಅನ್ಸಲ್ಲ. ಗೊತ್ತಾಗೋದು ಎಳೆತ ಮತ್ತೆ ಉಬ್ಬರ. ಮಲದ್ವಾರದಿಂದ ಸ್ವಲ್ಪ ಮೇಲೆ ಹೋದ್ರೆ ಸಿಗ್ಮಾಯ್ಡ್ ಅಂತ ಒಂದು ಭಾಗ ಸಿಗತ್ತೆ, ಹಗ್ಗ ಸುರುಳಿ ಬಿದ್ದಂಗೆ ಓಲಾಡ್ತಾ ಇರತ್ತೆ. ಅಲ್ಲಿ ಸ್ಕೋಪನ್ನ ಮುಂದಕ್ಕೆ ತಳ್ಳಿದ್ರೆ ತುದಿ ಮುಂದೆ ಹೋಗಲ್ಲ, ಸ್ಕೋಪೇ ಬಿಲ್ಲಿನ ಥರ ಬಾಗಿ ಕರುಳನ್ನ ಮೇಲಕ್ಕೆ ಎತ್ತಿ ಹಿಗ್ಗಿಸತ್ತೆ, ಅದನ್ನ ಲೂಪ್ ಅಂತೀವಿ. ಅಮ್ಮಂಗೆ ಅಳು ಬಂದ ಕ್ಷಣ ಬಹುಶಃ ಅದೇ ಇರಬೇಕು. ಚೆನ್ನಾಗಿ ಪಳಗಿದ ಕೈ ತಳ್ಳೋದು ಕಮ್ಮಿ, ಹಿಂದಕ್ಕೆ ಎಳ್ಕೊಳ್ಳೋದೇ ಜಾಸ್ತಿ, ಲಂಗಕ್ಕೆ ಲಾಡಿ ಏರಿಸುವಾಗ ಬಟ್ಟೆನ ಪಿನ್ ಮೇಲೆ ನೆರಿಗೆ ನೆರಿಗೆಯಾಗಿ ಹಿಂದಕ್ಕೆ ಸೇರಿಸ್ಕೋತಾ ಹೋಗ್ತೀವಲ್ಲ ಹಾಗೆ ಕರುಳನ್ನ ಸ್ಕೋಪ್ ಮೇಲೆ ಮಡಚ್ಕೊಂಡು ಹೋಗತ್ತೆ. ಸ್ಕೋಪ್ ಮೇಲೆ ಸೆಂಟಿಮೀಟರ್ ಗುರುತು ಇರತ್ತೆ, ಕೊನೆ ಮುಟ್ಟಿದಾಗ, ಅಂದ್ರೆ ಸೀಕಮ್ ತಲುಪಿದಾಗ, ಒಳಗೆ ಹೋಗಿರೋದು 70-80 ಸೆಂಟಿಮೀಟರ್ ಅಂತ ತೋರಿಸಿದ್ರೆ ಕರುಳು ನೇರವಾಗಿ ಮಡಚ್ಕೊಂಡಿದೆ ಅಂತ ಲೆಕ್ಕ, 120 ತೋರಿಸ್ತಿದ್ರೆ ಒಳಗೆಲ್ಲೋ ಲೂಪ್ ಕೂತಿದೆ.

ಇನ್ನು ಗಾಳಿ. ಕರುಳು ಮುಚ್ಕೊಂಡಿರತ್ತೆ, ದಾರಿ ಕಾಣಬೇಕು ಅಂದ್ರೆ ಏನಾದ್ರೂ ತುಂಬಲೇಬೇಕು. ನ್ಯೂಯಾರ್ಕಿನಲ್ಲಿ ವುಲ್ಫ್ ಮತ್ತೆ ಶಿನ್ಯಾ ಅನ್ನೋ ಡಾಕ್ಟರುಗಳು 1969ರಲ್ಲಿ ಕೊಲೊನೋಸ್ಕೋಪ್ ಒಳಗಿಂದಲೇ ಪಾಲಿಪ್ (ಕರುಳಿನ ಒಳಗೋಡೆಲಿ ಬೆಳೆಯೋ ಸಣ್ಣ ಗಂಟು) ತೆಗೆದು ತೋರಿಸಿದ ಕಾಲದಿಂದ ಬಳಕೆಲಿರೋದು ಮಾಮೂಲಿ ರೂಮಿನ ಗಾಳಿ, ಮೆಷಿನ್ನಿನ ಪಂಪಿಂದ ಬರತ್ತೆ, ದುಡ್ಡು ಖರ್ಚಿಲ್ಲ. ತೊಂದ್ರೆ ಏನಂದ್ರೆ ಗಾಳಿ ಕರುಳನ್ನ ಅಗಲ ಮಾತ್ರ ಅಲ್ಲ ಉದ್ದಾನೂ ಮಾಡತ್ತೆ, ತಿರುವುಗಳನ್ನ ಇನ್ನೂ ಚೂಪು ಮಾಡತ್ತೆ, ಲೂಪ್ ಆಗೋಕೆ ಜಾಗ ಮಾಡ್ಕೊಡತ್ತೆ. ಗಾಳಿಯಲ್ಲಿ 78 ಭಾಗ ನೈಟ್ರೋಜನ್, ಅದು ಕರುಳಿಂದ ರಕ್ತಕ್ಕೆ ಹೀರೋದೇ ತುಂಬಾ ನಿಧಾನ, ಹಾಗಾಗಿ ಟೆಸ್ಟ್ ಮುಗಿದು ಮನೆಗೆ ಹೋದ್ಮೇಲೂ ಗಂಟೆಗಟ್ಟಲೆ ಹೊಟ್ಟೆ ತಮಟೆ ಥರ ಬಿಗಿದಿರತ್ತೆ.

ಕಾರ್ಬನ್ ಡೈಆಕ್ಸೈಡ್ ಕರುಳಿಂದ ನೈಟ್ರೋಜನ್‌ಗಿಂತ ಸುಮಾರು 150 ಪಟ್ಟು ಬೇಗ ರಕ್ತಕ್ಕೆ ಸೇರತ್ತೆ, ಶ್ವಾಸಕೋಶಕ್ಕೆ ಹೋಗಿ ಉಸಿರಲ್ಲಿ ಹೊರಗೆ ಬರತ್ತೆ. 70ರ ದಶಕದಲ್ಲೇ ಇದನ್ನ ಬಳಸಿ ನೋಡಿದಾರೆ, ಆಗಿನ ಮುಖ್ಯ ಚಿಂತೆ ಬೇರೆ, ಕರುಳಲ್ಲಿ ಹುಟ್ಟೋ ಹೈಡ್ರೋಜನ್, ಮೀಥೇನ್ ಇದ್ದಾಗ ಕರೆಂಟ್ ಹಾಕಿ ಪಾಲಿಪ್ ಸುಟ್ರೆ ಒಳಗೆ ಸ್ಫೋಟ ಆಗಬಹುದು ಅನ್ನೋ ಭಯ, ಅದನ್ನ ತಪ್ಪಿಸೋಕೆ ಈ ಗ್ಯಾಸ್. ಆರಾಮದ ಲಾಭ ಆಮೇಲೆ ಟ್ರಯಲ್‌ಗಳಲ್ಲಿ ಮತ್ತೆ ಮತ್ತೆ ಕಂಡುಬಂತು, ಟೆಸ್ಟ್ ಆದ ಒಂದು ಗಂಟೆಗೆ ಕೇಳಿದ್ರೂ ಆರು ಗಂಟೆಗೆ ಕೇಳಿದ್ರೂ ಗಾಳಿ ಹಾಕಿಸ್ಕೊಂಡೋರಿಗಿಂತ ಇವರಿಗೆ ಹೊಟ್ಟೆ ಉಬ್ಬರ, ನೋವು ಕಮ್ಮಿ. ಸಿಲಿಂಡರ್ರು, ಒಂದು ರೆಗ್ಯುಲೇಟರ್ ಮೆಷಿನ್ನು ಬೇಕು, ಅಷ್ಟೇ. ತೀವ್ರ ಸಿಒಪಿಡಿ ಅನ್ನೋ ಶ್ವಾಸಕೋಶದ ಕಾಯಿಲೆ ಇದ್ದು ಉಸಿರಲ್ಲಿ ಕಾರ್ಬನ್ ಡೈಆಕ್ಸೈಡ್ ಹೊರಗೆ ಹಾಕೋಕೇ ಕಷ್ಟ ಪಡೋರಿಗೆ ಮಾತ್ರ ಜೋಪಾನ. ಇಷ್ಟು ಸುಲಭದ ವಿಷಯ ಇನ್ನೂ ಎಷ್ಟೋ ಸೆಂಟರ್‌ಗಳಲ್ಲಿ ಬಂದಿಲ್ಲ ಅನ್ನೋದು ನನಗೆ ನಿಜಕ್ಕೂ ಬೇಜಾರಿನ ವಿಷಯ. ಆದ್ರೆ ಒಂದು ತಿಳ್ಕೊಳ್ಳಿ, ಸ್ಕೋಪ್ ಒಳಗೆ ಹೋಗುವಾಗ ಅದೂ ಗಾಳಿ ಥರಾನೇ ಕರುಳನ್ನ ಉಬ್ಬಿಸತ್ತೆ, ಅದರ ದೊಡ್ಡ ಲಾಭ ಇರೋದು ಆಮೇಲಿನ ಗಂಟೆಗಳಲ್ಲಿ, ಲೂಪ್ ಬೀಳೋ ಆ ಹತ್ತು ನಿಮಿಷದಲ್ಲಿ ಅಷ್ಟಾಗಿ ಅಲ್ಲ.

ಆ ಹತ್ತು ನಿಮಿಷಕ್ಕೆ ಒಳ್ಳೆ ಉತ್ತರ ನೀರು. ನಿಮ್ಮ ಪರಿಚಯದೋರು ಹೇಳಿದ್ದು ಸುಳ್ಳಲ್ಲ, ಆದ್ರೆ ನೀರಿನ ವಿಧಾನ ಅಂದ್ರೆ ಎರಡಿದೆ, ಇದನ್ನ ಡಾಕ್ಟರುಗಳೂ ಕೆಲವು ಸಲ ಒಂದೇ ಅಂತ ಮಾತಾಡ್ತಾರೆ. ಒಂದು ವಾಟರ್ ಇಮ್ಮರ್ಷನ್, ಅಂದ್ರೆ ಒಳಗೆ ಹೋಗುವಾಗ ನೀರು ಬಿಡ್ತಾ ಹೋಗೋದು, ಬೇಕಾದ್ರೆ ನಡುನಡುವೆ ಸ್ವಲ್ಪ ಗ್ಯಾಸೂ ಹಾಕೋದು, ಆ ನೀರನ್ನ ವಾಪಸ್ ಬರುವಾಗ ಹೀರಿ ತೆಗೆಯೋದು. ಇನ್ನೊಂದು ವಾಟರ್ ಎಕ್ಸ್‌ಚೇಂಜ್, ಇದರಲ್ಲಿ ಗ್ಯಾಸ್ ಬಟನ್ನೇ ಆಫ್, ಒಳಗೆ ಇರೋ ಗಾಳಿ ಗುಳ್ಳೆನೂ ಹೀರಿಬಿಡ್ತಾರೆ, ಸ್ವಚ್ಛ ನೀರು ಬಿಡೋದು ಕೊಳೆ ನೀರು ಹೀರೋದು, ಬಿಡೋದು ಹೀರೋದು, ಸೀಕಮ್ ತಲುಪೋ ತನಕ ಇದೇ ಕೆಲಸ. ಲಾಸ್ ಏಂಜಲಿಸ್ ಹತ್ರ ಸೆಪುಲ್ವೆಡಾ ಅಂತ ಮಾಜಿ ಸೈನಿಕರ ಆಸ್ಪತ್ರೆ ಇದೆ, ಅಲ್ಲಿನ ಡಾಕ್ಟರ್ ಫೆಲಿಕ್ಸ್ ಲ್ಯೂಂಗ್ ಇದನ್ನ ಬೆಳೆಸಿದ್ದು, ನರ್ಸ್‌ಗಳ ಕೊರತೆಯಿಂದ ಮಂಪರು ಇಂಜೆಕ್ಷನ್ ಕೊಟ್ಟು ಮಾಡೋದು ಕಷ್ಟವಾಗಿ, ಇಂಜೆಕ್ಷನ್ ಇಲ್ದೇನೇ ಜನ ತಡ್ಕೊಳ್ಳೋ ಹಾಗೆ ಹೇಗೆ ಮಾಡೋದು ಅಂತ ಹುಡುಕಿದ್ರಿಂದ ಬಂದಿದ್ದು. ಅದಕ್ಕೂ ಮೊದ್ಲು ಕ್ಲೀವ್‌ಲ್ಯಾಂಡಿನ ಜೇಮ್ಸ್ ಚರ್ಚ್ 2002ರಲ್ಲಿ, ಕರುಳು ಹಿಡ್ಕೊಂಡು ಬಿಗಿದಾಗ ಬೆಚ್ಚಗಿನ ನೀರು ಬಿಟ್ರೆ ಸಡಿಲ ಆಗತ್ತೆ ಅಂತ ಬರೆದಿದ್ರು. ನಂತರ ಇಟಲಿಲಿ, ತೈವಾನಲ್ಲಿ ಗಾಳಿ, ಕಾರ್ಬನ್ ಡೈಆಕ್ಸೈಡ್, ಎರಡೂ ಥರದ ನೀರು ಎಲ್ಲಾ ಪಕ್ಕಪಕ್ಕ ಇಟ್ಟು ಟ್ರಯಲ್ ಮಾಡಿದಾರೆ, ಒಳಗೆ ಹೋಗುವಾಗಿನ ನೋವಿನಲ್ಲಿ ವಾಟರ್ ಎಕ್ಸ್‌ಚೇಂಜೇ ಎಲ್ಲಕ್ಕಿಂತ ಕಮ್ಮಿ ಅಂತ ಬಂದಿದೆ.

ಇದು ಸ್ಕ್ರೀನ್ ಮೇಲೆ ಹೇಗಿರತ್ತೆ ಅಂತ ಹೇಳ್ತೀನಿ. ಗಾಳಿ ಹಾಕಿದ್ರೆ ದೊಡ್ಡ ಗುಹೆ ಥರ ಕಾಣತ್ತೆ, ಎಲ್ಲಾ ಒಂದೇ ಸಲ. ನೀರಲ್ಲಿ ಹಾಗಲ್ಲ, ಕರುಳು ಮುಚ್ಕೊಂಡೇ ಇರತ್ತೆ, ಎದುರಿಗೆ ಗುಲಾಬಿ ಬಣ್ಣದ ಮಡಿಕೆಗಳು ಒಂದು ಬಿಂದುವಿನ ಕಡೆ ಸೇರೋ ಹಾಗೆ ಕಾಣತ್ತೆ, ಆ ಬಿಂದು ಕಡೆ ಸ್ಕೋಪಿನ ತುದಿ ತಿರುಗಿಸಿ ಸ್ವಲ್ಪ ನೀರು ಬಿಟ್ರೆ ಬೆರಳಷ್ಟು ಜಾಗ ತೆರ್ಕೊಳತ್ತೆ, ಹಳದಿ ರಾಡಿ ಎದ್ದು ಏನೂ ಕಾಣದಂಗಾಗತ್ತೆ, ಅದನ್ನ ಹೀರ್ಕೊಂಡು ಮತ್ತೆ ತಿಳಿ ನೀರು, ಮತ್ತೆ ಆ ಬಿಂದು. ಎಡಮಗ್ಗುಲಲ್ಲಿ ಮಲಗಿದ್ದಾಗ ಎಡಗಡೆ ಕರುಳು ಕೆಳಗಿರತ್ತೆ, ನೀರಿನ ಭಾರಕ್ಕೆ ಸಿಗ್ಮಾಯ್ಡ್ ಕೆಳಗೇ ಕೂತು ತಿರುವು ಸಲೀಸಾಗತ್ತೆ, ಉಬ್ಬಿಲ್ಲದ ಕರುಳು ಗಿಡ್ಡಾನೂ ಇರತ್ತೆ. ಇದಕ್ಕೆ ತಾಳ್ಮೆ ಬೇಕು, ಗಾಳಿಗಿಂತ ಕೆಲವು ನಿಮಿಷ ಜಾಸ್ತಿ ಹಿಡಿಯತ್ತೆ, ಒಂದೆರಡು ಲೀಟರ್ ನೀರು ಹೋಗತ್ತೆ, ಫುಟ್ ಪೆಡಲ್ ಇರೋ ವಾಟರ್ ಪಂಪ್ ಇದ್ರೆ ಅನುಕೂಲ. ದಿನಕ್ಕೆ ಇಪ್ಪತ್ತು ಕೇಸ್ ಸಾಲಾಗಿ ನಿಂತಿರೋ ಕಡೆ ಇದನ್ನ ಯಾಕೆ ಮಾಡಲ್ಲ ಅಂತ ನಿಮಗೆ ಅರ್ಥ ಆಗಬಹುದು. ಕಲಿಯೋಕೂ ಸಮಯ ಹಿಡಿಯತ್ತೆ, ಅಭ್ಯಾಸ ಇಲ್ದೋರು ನೀವು ಕೇಳಿದ್ರಿ ಅಂತ ನಿಮ್ಮ ಅಮ್ಮನ ಮೇಲೆ ಮೊದಲ ಸಲ ಟ್ರೈ ಮಾಡೋದು ಬೇಡ.

ನೋವಿಲ್ದೆ ಮಾಡಿದ್ರೆ ಸರಿಯಾಗಿ ನೋಡ್ತಾರಾ ಅಂತ ಕೇಳಿದ್ರಲ್ಲ, ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ, ಯಾಕಂದ್ರೆ ಆರಾಮನ್ನ ಎರಡು ಥರ ತರಬಹುದು. ಕರುಳಿಗೇ ಎಳೆತ ಆಗದ ಹಾಗೆ ಮಾಡೋದು ಒಂದು, ಎಳೆತ ಆಗ್ತಾನೇ ಇರತ್ತೆ ಆದ್ರೆ ರೋಗಿಗೆ ಗೊತ್ತಾಗದ ಹಾಗೆ ಮಲಗಿಸೋದು ಇನ್ನೊಂದು. ಮೊದಲನೇದು ಟೆಸ್ಟಿನ ಗುಣಮಟ್ಟಕ್ಕೂ ಒಳ್ಳೇದು. ವಾಟರ್ ಎಕ್ಸ್‌ಚೇಂಜಲ್ಲಿ ಹೋಗ್ತಾ ಹೋಗ್ತಾನೇ ತೊಳೆದು ಬಿಟ್ಟಿರ್ತಾರೆ, ವಾಪಸ್ ಬರುವಾಗ ಡಾಕ್ಟರ್ ಕಣ್ಣು ತೊಳೆಯೋ ಕೆಲಸದಲ್ಲಿ ಕಳೆದುಹೋಗಲ್ಲ, ಪೂರ್ತಿ ಹುಡುಕೋದ್ರಲ್ಲೇ ಇರತ್ತೆ, ಅಡಿನೋಮಾ ಅಂದ್ರೆ ಮುಂದೆ ಕ್ಯಾನ್ಸರ್ ಆಗಬಹುದಾದ ಪಾಲಿಪ್‌ಗಳು ಜಾಸ್ತಿ ಸಿಗತ್ತೆ ಅಂತ ಹಲವು ಟ್ರಯಲ್‌ಗಳಲ್ಲಿ ಬಂದಿದೆ, ಬಲಭಾಗದಲ್ಲೂ. ಬರೀ ಇಮ್ಮರ್ಷನ್‌ನಲ್ಲಿ ಈ ಲಾಭ ಅಷ್ಟು ಖಚಿತವಾಗಿ ಕಂಡಿಲ್ಲ, ಯಾಕಂದ್ರೆ ಅಲ್ಲಿ ಕೊಳೆ ನೀರು ಒಳಗೇ ಉಳ್ಕೊಂಡಿರತ್ತೆ.

ಪಾಲಿಪ್ ಹುಡುಕೋ ಸಾಮರ್ಥ್ಯಕ್ಕೆ ಒಂದು ಅಳತೆ ಇದೆ, ಅಡಿನೋಮಾ ಡಿಟೆಕ್ಷನ್ ರೇಟ್, ಒಬ್ಬ ಡಾಕ್ಟರ್ ನೋಡಿದ ನೂರು ಜನರಲ್ಲಿ ಎಷ್ಟು ಜನಕ್ಕೆ ಒಂದಾದ್ರೂ ಅಡಿನೋಮಾ ಹುಡುಕಿದ್ರು ಅನ್ನೋದು. ಅಮೆರಿಕದಲ್ಲಿ 136 ಡಾಕ್ಟರುಗಳು ಮಾಡಿದ 3 ಲಕ್ಷಕ್ಕೂ ಹೆಚ್ಚು ಕೊಲೊನೋಸ್ಕೋಪಿ ಲೆಕ್ಕ ಹಾಕಿ 2014ರಲ್ಲಿ ಒಂದು ಅಧ್ಯಯನ ಬಂತು, ಈ ರೇಟ್ ಒಬ್ಬೊಬ್ಬರಲ್ಲಿ 7ರಿಂದ 52 ಪರ್ಸೆಂಟ್‌ವರೆಗೂ ವ್ಯತ್ಯಾಸ ಇತ್ತು, ರೇಟ್ 1 ಪರ್ಸೆಂಟ್ ಏರಿದ್ರೆ ಆಮೇಲೆ ಕ್ಯಾನ್ಸರ್ ಬರೋ ಅಪಾಯ 3 ಪರ್ಸೆಂಟ್ ಇಳಿತಿತ್ತು. ಒಂದೇ ಟೆಸ್ಟು, ಒಂದೇ ಹೆಸರು, ಮಾಡೋ ಕೈ ಕಣ್ಣಿನ ಮೇಲೆ ಇಷ್ಟು ವ್ಯತ್ಯಾಸ. ವಾಪಸ್ ಬರುವಾಗ ಎಷ್ಟು ಹೊತ್ತು ತಗೋತಾರೆ ಅನ್ನೋದೂ ಅಷ್ಟೇ ಮುಖ್ಯ, 2006ರ ಒಂದು ಅಧ್ಯಯನದಲ್ಲಿ 6 ನಿಮಿಷ ಅಥವಾ ಜಾಸ್ತಿ ತಗೊಂಡ ಡಾಕ್ಟರುಗಳಿಗೆ 28 ಪರ್ಸೆಂಟ್ ಜನರಲ್ಲಿ ಇಂಥ ಪಾಲಿಪ್ ಸಿಕ್ತು, ಅದಕ್ಕಿಂತ ಬೇಗ ಎಳ್ಕೊಂಡೋರಿಗೆ 12ರ ಹತ್ರ. ಈಗ ಅಮೆರಿಕದ ಗೈಡ್‌ಲೈನ್ 8 ನಿಮಿಷ ಅಂತಿದೆ. ನಮ್ಮ ಜನರಲ್ಲಿ ಪಾಲಿಪ್‌ಗಳು ಪಶ್ಚಿಮದ ದೇಶಗಳಿಗಿಂತ ಕಮ್ಮಿ, ಹಾಗಾಗಿ ಅವರ ಪರ್ಸೆಂಟೇಜ್ ತಂದು ನಮ್ಮ ಡಾಕ್ಟರನ್ನ ಅಳೆಯೋದು ನ್ಯಾಯ ಅಲ್ಲ, ಆದ್ರೆ ನಿಧಾನವಾಗಿ ನೋಡ್ಬೇಕು ಅನ್ನೋದು ಎಲ್ಲಾ ಕಡೆಗೂ ಒಂದೇ.

ಈಗ ಮಲಗಿಸಿ ಮಾಡೋದು. ನಮ್ಮಲ್ಲಿ ದೊಡ್ಡ ಪ್ರೈವೇಟ್ ಆಸ್ಪತ್ರೆಗಳಲ್ಲಿ ಪ್ರೊಪೊಫಾಲ್ ಅನ್ನೋ ಹಾಲಿನ ಬಣ್ಣದ ಇಂಜೆಕ್ಷನ್ ಕೊಡ್ತಾರೆ, ಅರ್ಧ ನಿಮಿಷ ಒಂದು ನಿಮಿಷದಲ್ಲಿ ನಿದ್ದೆ, ನಿಲ್ಲಿಸಿದ ಸ್ವಲ್ಪ ಹೊತ್ತಿಗೇ ಎಚ್ಚರ, ರೋಗಿಗೆ ಏನೂ ನೆನಪಿರಲ್ಲ. ನಾನು ಇದರ ವಿರೋಧಿ ಅಲ್ಲ, ಒಂದ್ಸಲ ಇಷ್ಟು ಹೆದರಿದೋರಿಗೆ ಇದು ದೊಡ್ಡ ಉಪಕಾರ. ಆದ್ರೆ ಇದು ಉಸಿರಾಟ ತಗ್ಗಿಸತ್ತೆ, ಬಿಪಿ ಇಳಿಸತ್ತೆ, ಇದಕ್ಕೆ ತಿರುಮದ್ದು ಇಲ್ಲ, ಅದಕ್ಕೇ ಅರಿವಳಿಕೆ ಡಾಕ್ಟರ್ ಒಬ್ಬರು ಅದೊಂದೇ ಕೆಲಸಕ್ಕೆ ಪಕ್ಕದಲ್ಲಿ ಇರಲೇಬೇಕು, ಆಕ್ಸಿಜನ್ ಮಾನಿಟರ್ ಎಲ್ಲಾ ಇರಬೇಕು, ಖರ್ಚೂ ಏರತ್ತೆ. ಹಿಮೋಗ್ಲೋಬಿನ್ 8 ಇದೆ ಅನ್ನೋದನ್ನ ಅವರಿಗೆ ಮೊದ್ಲೇ ಹೇಳಿ. ಎಂಡೋಸ್ಕೋಪಿ ಮಾಡೋನ ದೃಷ್ಟಿಯಿಂದ ಇನ್ನೊಂದು ವಿಷಯ ಇದೆ, ಗಾಢ ನಿದ್ದೆಲಿರೋ ರೋಗಿ "ಅಯ್ಯೋ" ಅನ್ನಲ್ಲ, ಲೂಪ್ ಬಿದ್ದಿದ್ದು ಕೈಗೆ ಮಾತ್ರ ಗೊತ್ತಾಗ್ಬೇಕು, ಪಳಗದ ಕೈ ಆದ್ರೆ ತಳ್ತಾ ಹೋಗತ್ತೆ. ಮಗ್ಗುಲು ಬದಲಾಯಿಸೋದೂ ಕಷ್ಟ, ಎಚ್ಚರ ಇರೋರು "ಅಂಗಾತ ಮಲಗಮ್ಮ, ಈಗ ಬಲಕ್ಕೆ ತಿರುಗಮ್ಮ" ಅಂದ್ರೆ ತಿರುಗ್ತಾರೆ, ಅಷ್ಟರಿಂದಲೇ ಎಷ್ಟೋ ಸಲ ಸಿಕ್ಕಿಕೊಂಡ ಸ್ಕೋಪ್ ಸುಮ್ನೆ ಜಾರಿ ಮುಂದೆ ಹೋಗತ್ತೆ, ವಾಪಸ್ ಬರುವಾಗಲೂ ನೋಡ್ತಿರೋ ಭಾಗ ಮೇಲೆ ಬರೋ ಹಾಗೆ ತಿರುಗಿಸಿದ್ರೆ ಗೋಡೆ ಚೆನ್ನಾಗಿ ಬಿಡಿಸ್ಕೊಳತ್ತೆ. ಮಲಗಿಸಿದ ಮಾತ್ರಕ್ಕೆ ಪಾಲಿಪ್ ಜಾಸ್ತಿ ಸಿಗತ್ತೆ ಅನ್ನೋಕೆ ಗಟ್ಟಿ ಆಧಾರ ಇಲ್ಲ.

ಇದೆರಡರ ಮಧ್ಯೆ ಒಂದು ದಾರಿ ಇದೆ, ಮಿಡಜೋಲಾಮ್ ಮತ್ತೆ ಫೆಂಟನಿಲ್ ಸ್ವಲ್ಪ ಸ್ವಲ್ಪ ಕೊಡೋದು, ರೋಗಿ ಮಂಪರಲ್ಲಿ ಇರ್ತಾರೆ, ಕರೆದ್ರೆ ಓಗೊಡ್ತಾರೆ, ತಿರುಗು ಅಂದ್ರೆ ತಿರುಗ್ತಾರೆ, ಭಯ ಹೋಗಿರತ್ತೆ, ಜಾಸ್ತಿ ಆಯ್ತು ಅಂದ್ರೆ ಎರಡಕ್ಕೂ ತಿರುಮದ್ದು ಇದೆ. ಬ್ರಿಟನ್ನಲ್ಲಿ ಹೆರಿಗೆ ವಾರ್ಡಲ್ಲಿ ಕೊಡೋ ನೈಟ್ರಸ್ ಆಕ್ಸೈಡ್-ಆಕ್ಸಿಜನ್ ಗ್ಯಾಸ್ ಸೇದಿಸಿನೂ ಮಾಡ್ತಾರೆ, ನಮ್ಮಲ್ಲಿ ಅದು ಅಪರೂಪ.

ಉಳಿದ ಸಣ್ಣಪುಟ್ಟ ಸಹಾಯಗಳು: ಮಕ್ಕಳಿಗೆ ಬಳಸೋ ತೆಳ್ಳನೆ ಸ್ಕೋಪ್ ನಿಮ್ಮ ಅಮ್ಮನಂಥವರಿಗೆ, ಅಂಟು ಇರೋ ಬಿಗಿ ತಿರುವಲ್ಲಿ ನಿಜವಾಗ್ಲೂ ಕೆಲಸಕ್ಕೆ ಬರತ್ತೆ, ಇದನ್ನ ಕೇಳಿ. ಸ್ಕೋಪಿನ ತುದಿಗೆ ಪಾರದರ್ಶಕ ಕ್ಯಾಪ್ ಹಾಕಿದ್ರೆ ಮಡಿಕೆ ಹಿಂದೆ ನೋಡೋಕೂ, ನೀರಿನ ವಿಧಾನದಲ್ಲಿ ದಾರಿ ಹುಡುಕೋಕೂ ಅನುಕೂಲ. ಹೊಟ್ಟೆ ಮೇಲೆ ಒತ್ತಿ ಹಿಡಿಯೋ ಸಿಸ್ಟರ್ ಕೈಯನ್ನ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ, ಆದ್ರೆ ಅನುಭವ ಇರೋ ಸಿಸ್ಟರ್ ಹೊಕ್ಕಳ ಕೆಳಗೆ ಎಡಕ್ಕೆ ಅಂಗೈ ಇಟ್ಟು ಸರಿಯಾದ ಹೊತ್ತಲ್ಲಿ ಮೆಲ್ಲಗೆ ಒತ್ತಿದ್ರೆ ಲೂಪ್ ಏಳೋದೇ ಇಲ್ಲ, ರೋಗಿ ಉಸಿರು ಬಿಡೋದು ಕೈಗೆ ಗೊತ್ತಾಗತ್ತೆ. ಹಾಡು ಹಾಕೋದು, ಮಾತಾಡಿಸ್ತಾ ಇರೋದು, ಇದೆಲ್ಲಾ ಒಳ್ಳೇದೇ, ಆದ್ರೆ ಅದರ ಪರಿಣಾಮ ಸಣ್ಣದು.

ಈಗ ಬರೋಣ ಎಲ್ಲಕ್ಕಿಂತ ದೊಡ್ಡ ವಿಷಯಕ್ಕೆ, ನಿಮ್ಮ ರಿಪೋರ್ಟಲ್ಲಿ "ಕ್ಲೀನ್ ಆಗಿಲ್ಲ" ಅಂತ ಇದ್ಯಲ್ಲ ಅದು. ಕರುಳು ಕ್ಲೀನ್ ಇಲ್ದಿದ್ರೆ ಯಾವ ವಿಧಾನ ಬಂದ್ರೂ ಪ್ರಯೋಜನ ಇಲ್ಲ, ನೀರಿನ ವಿಧಾನ ಕೂಡ ಅಳಿದುಳಿದಿದ್ದು ತೊಳೆಯತ್ತೆ ಅಷ್ಟೇ, ಗಟ್ಟಿ ಮಲ ತೊಳೆಯಲ್ಲ. ಕರುಳು ಕ್ಲೀನ್ ಮಾಡೋಕೆ ಕೊಡೋ ಪೌಡರ್ ಕಲಸಿದ ನೀರು ಎಲ್ಲಾ ಹಿಂದಿನ ಸಂಜೆನೇ ಕುಡಿಸಿ ಬೆಳಗ್ಗೆ ಹತ್ತಕ್ಕೋ ಹನ್ನೊಂದಕ್ಕೋ ಟೆಸ್ಟ್ ಮಾಡಿದ್ರೆ, ರಾತ್ರಿಯಿಡೀ ಸಣ್ಣ ಕರುಳಿಂದ ಬಂದ ಪಿತ್ತದ ಅಂಟು ರಸ ಬಲಭಾಗಕ್ಕೆ ಬಳ್ಕೊಂಡಿರತ್ತೆ, ಮತ್ತದೇ ಬಲಭಾಗ. ಅದಕ್ಕೆ ಎರಡು ಭಾಗ ಮಾಡಿ ಕುಡೀಬೇಕು, ಅರ್ಧ ಹಿಂದಿನ ಸಂಜೆ, ಇನ್ನರ್ಧ ಟೆಸ್ಟಿಗೆ ಸುಮಾರು 5 ಗಂಟೆ ಇದ್ದಾಗ ಶುರು ಮಾಡಿ ಕೊನೆ ಪಕ್ಷ 2 ಗಂಟೆ ಮೊದ್ಲು ಮುಗಿಸ್ಬೇಕು. ಹತ್ತಕ್ಕೆ ಟೆಸ್ಟ್ ಅಂದ್ರೆ ಬೆಳಗ್ಗೆ ಐದಕ್ಕೆ ಏಳ್ಬೇಕು, ಕಷ್ಟ ನಿಜ, ಆದ್ರೆ ಇದೊಂದಕ್ಕೆ ಇರೋಷ್ಟು ಬೆಲೆ ಬೇರೆ ಯಾವ ಉಪಾಯಕ್ಕೂ ಇಲ್ಲ. ದೂರದಿಂದ ಬಸ್ಸಲ್ಲಿ ಬರೋದಾದ್ರೆ ಹಿಂದಿನ ದಿನವೇ ಬಂದು ಆಸ್ಪತ್ರೆ ಹತ್ರ ರೂಮ್ ಮಾಡ್ಕೊಳ್ಳಿ, ಭೇದಿ ಆಗ್ತಿರುವಾಗ ಬಸ್ಸಲ್ಲಿ ಕೂರೋ ಶಿಕ್ಷೆ ಅಮ್ಮಂಗೆ ಬೇಡ.

ಕುಡಿಯೋದೇ ಆಗಲ್ಲ ಅಂತ ತುಂಬಾ ಜನ ಅರ್ಧಕ್ಕೆ ಬಿಡ್ತಾರೆ. ಪೌಡರ್ ಹಿಂದಿನ ರಾತ್ರಿನೇ ಕಲಸಿ ಫ್ರಿಜ್ಜಲ್ಲಿಡಿ, ತಣ್ಣಗಿದ್ರೆ ಆ ಉಪ್ಪುಪ್ಪು ರುಚಿ ಅಷ್ಟು ಗೊತ್ತಾಗಲ್ಲ, ಸೋಸಿದ ನಿಂಬೆರಸ ಸ್ವಲ್ಪ ಹಿಂಡಬಹುದು, ಹತ್ತು ಹದಿನೈದು ನಿಮಿಷಕ್ಕೊಂದು ಲೋಟ, ವಾಕರಿಕೆ ಬಂದ್ರೆ ಅರ್ಧ ಗಂಟೆ ಬಿಟ್ಟು ಮತ್ತೆ. ಎಷ್ಟು ಸಲ ಹೋದ್ರು ಅಂತ ಎಣಿಸ್ಬೇಡಿ, ಕೊನೆಗೆ ಬರೋದು ಹೇಗಿದೆ ನೋಡಿ, ತಿಳಿ ಹಳದಿಯಾಗಿ ಮೂತ್ರದ ಥರ ಇದ್ರೆ ಆಯ್ತು, ಇನ್ನೂ ಕಂದು ಬಣ್ಣದ ರಾಡಿ ಇದ್ರೆ ಆಸ್ಪತ್ರೆಗೆ ಫೋನ್ ಮಾಡಿ ಹೇಳಿ, ಮುಚ್ಚಿಟ್ಕೊಂಡು ಹೋಗ್ಬೇಡಿ.

ಊಟದ ವಿಷಯ, ಎರಡು ಮೂರು ದಿನ ಮೊದ್ಲಿಂದ ನಾರು ಕಮ್ಮಿ ಮಾಡಿ. ನಮ್ಮ ಕಡೆ ಒಳ್ಳೇದು ಅಂತ ತಿನ್ನೋದೆಲ್ಲಾ ಇಲ್ಲಿ ಬೇಡ, ರಾಗಿ ಮುದ್ದೆ, ಸೊಪ್ಪಿನ ಸಾರು, ಕಾಳು ಪಲ್ಯ, ಸೀಬೆ, ದಾಳಿಂಬೆ, ಟೊಮೇಟೊ, ಎಳ್ಳು, ಇದರ ಬೀಜ ಸಿಪ್ಪೆಗಳು ಸ್ಕೋಪಿನ ಹೀರೋ ದಾರಿಗೆ ಸಿಕ್ಕಿಕೊಂಡು ಕೆಲಸ ಕೆಡಿಸತ್ತೆ. ಬಿಳಿ ಅನ್ನ, ಮೊಸರು, ಇಡ್ಲಿ, ರವೆ ಗಂಜಿ ಆಗತ್ತೆ. ಹಿಂದಿನ ದಿನ ಬೆಳಗ್ಗೆ ಹಗುರವಾಗಿ ತಿಂದು ಆಮೇಲೆ ಬರೀ ತಿಳಿ, ಎಳನೀರು, ಸೋಸಿದ ಬೇಳೆ ಕಟ್ಟು, ಹಾಲಿಲ್ಲದ ಟೀ, ಬೀಟ್‌ರೂಟ್ ಅಥವಾ ಕೆಂಪು ಬಣ್ಣದ ಜ್ಯೂಸ್ ಬೇಡ, ಒಳಗೆ ರಕ್ತದ ಥರ ಕಾಣತ್ತೆ. ಅಮ್ಮ ಐರನ್ ಮಾತ್ರೆ ತಗೊಳ್ತಿದ್ರೆ ಒಂದು ವಾರ ಮೊದ್ಲೇ ನಿಲ್ಲಿಸೋಕೆ ಕೇಳಿ, ಅದು ಮಲವನ್ನ ಕಪ್ಪಗೆ ಅಂಟಂಟಾಗಿ ಮಾಡಿ ಗೋಡೆಗೆ ಮೆತ್ತತ್ತೆ, ಹೋದ ಸಲ ಕ್ಲೀನ್ ಆಗದೇ ಇರೋಕೆ ಇದೂ ಕಾರಣ ಇರಬಹುದು.

ಶುಗರ್ ಇರೋದ್ರಿಂದ ಇದನ್ನ ಸುಮ್ನೆ ಬಿಡ್ಬೇಡಿ. ಊಟ ಇಲ್ದೆ ಮಾತ್ರೆ ಅಥವಾ ಇನ್ಸುಲಿನ್ ಮಾಮೂಲಿ ಥರ ತಗೊಂಡ್ರೆ ಶುಗರ್ ಕುಸಿಯತ್ತೆ, ಗ್ಲಿಮೆಪಿರೈಡ್ ಥರದ್ದು ಅದರಲ್ಲೂ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನೋ ಶುಗರ್ ಮಾತ್ರೆ ಇದ್ರೆ ಸಾಮಾನ್ಯವಾಗಿ ಮೂರು ದಿನ ಮೊದ್ಲೇ ನಿಲ್ಲಿಸ್ತಾರೆ. ಸಕ್ಕರೆ ಕಾಯಿಲೆಯೋರ ಕರುಳು ನಿಧಾನ ಇರತ್ತೆ, ಹೋದ ಸಲ ಕ್ಲೀನ್ ಆಗಿರಲಿಲ್ಲ ಅಂತ ಹೇಳಿದ್ರೆ ಈ ಸಲ ಪೌಡರ್ ಪ್ರಮಾಣ ಜಾಸ್ತಿ ಮಾಡ್ತಾರೆ. ಕಿಡ್ನಿ ತೊಂದ್ರೆ ಇದ್ರೆ ಸೋಡಿಯಂ ಫಾಸ್ಫೇಟ್ ಥರದ ದ್ರಾವಣ ಬೇಡ, ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್) ಪೌಡರೇ ಸೇಫ್. ರಕ್ತ ತೆಳು ಮಾಡೋ ಮಾತ್ರೆ ಇದ್ರೆ ನೀವಾಗೇ ನಿಲ್ಲಿಸ್ಬೇಡಿ, ಕೇಳಿ.

ಹಾಗಾದ್ರೆ ನಿಮ್ಮ ಅಮ್ಮಂಗೆ ನಾನಾಗಿದ್ರೆ ಏನು ಮಾಡ್ತೀನಿ? ಎರಡು ಭಾಗ ಮಾಡಿ ಪೌಡರ್ ನೀರು ಕುಡಿಸೋದು, ತೆಳ್ಳನೆ ಸ್ಕೋಪ್, ಒಳಗೆ ಹೋಗುವಾಗ ನೀರು, ವಾಪಸ್ ಬರುವಾಗ ಕಾರ್ಬನ್ ಡೈಆಕ್ಸೈಡ್, ಮೊದಲಿಂದಲೇ ಹಗುರ ಮಂಪರು, ಅರಿವಳಿಕೆ ಡಾಕ್ಟರನ್ನೂ ಅವತ್ತು ಇರೋಕೆ ಹೇಳಿರ್ತೀನಿ, ಆಗದೇ ಹೋದ್ರೆ ಅಲ್ಲೇ ಪ್ರೊಪೊಫಾಲ್. ನೀರು ಮತ್ತೆ ಕಾರ್ಬನ್ ಡೈಆಕ್ಸೈಡ್ ಒಂದಕ್ಕೊಂದು ಪೈಪೋಟಿ ಅಲ್ಲ, ಒಂದು ಹೋಗುವಾಗಿನ ನೋವಿಗೆ ಇನ್ನೊಂದು ಆಮೇಲಿನ ಉಬ್ಬರಕ್ಕೆ, ವಾಪಸ್ ಬರುವಾಗ ಗೋಡೆ ಬಿಡಿಸಿ ನೋಡೋಕೆ ಗ್ಯಾಸ್ ಬೇಕೇ ಬೇಕು. ಇಷ್ಟೆಲ್ಲಾ ಒಂದೇ ಕಡೆ ಸಿಗಲ್ಲ ಅಂದ್ರೆ ಎರಡನೇ ಆಯ್ಕೆ ಪ್ರೊಪೊಫಾಲ್ ಜೊತೆ ಕಾರ್ಬನ್ ಡೈಆಕ್ಸೈಡ್, ನುರಿತ ಕೈಯಲ್ಲಿ. ಮಲಗಿಸಿ ಬರೀ ಗಾಳಿ ಹಾಕಿ ಮಾಡೋದು ನನ್ನ ಲೆಕ್ಕದಲ್ಲಿ ಕೊನೇದು, ಆದ್ರೆ ಟೆಸ್ಟೇ ಆಗದೆ ಇರೋದಕ್ಕಿಂತ ಅದೂ ಎಷ್ಟೋ ವಾಸಿ. ಡಾಕ್ಟರನ್ನ ಕೇಳೋಕೆ ಸಂಕೋಚ ಬೇಡ, ಗಾಳಿನಾ ಕಾರ್ಬನ್ ಡೈಆಕ್ಸೈಡಾ, ನೀರಿನ ವಿಧಾನ ನಿಮಗೆ ರೂಢಿ ಇದ್ಯಾ, ಗರ್ಭಕೋಶ ತೆಗೆಸಿದೋರಿಗೆ ಸಣ್ಣ ಸ್ಕೋಪ್ ಇದ್ಯಾ, ಇಷ್ಟು ಕೇಳಿದ್ರೆ ಒಳ್ಳೆ ಡಾಕ್ಟರ್ ಬೇಜಾರು ಮಾಡ್ಕೊಳ್ಳಲ್ಲ. ಸೀಕಮ್ ತಲುಪಿದ ಫೋಟೋ ರಿಪೋರ್ಟಲ್ಲಿ ಇರಲಿ ಅಂತಾನೂ ಹೇಳಿ. ಅಮ್ಮಂಗೆ ಮುಜುಗರ ಜಾಸ್ತಿ ಇದ್ರೆ ಲೇಡಿ ಸಿಸ್ಟರ್ ಪಕ್ಕದಲ್ಲೇ ಇರೋ ಹಾಗೆ, ಮೈ ಪೂರ್ತಿ ಬಟ್ಟೆ ಮುಚ್ಚಿರೋ ಹಾಗೆ ನೋಡ್ಕೊಳ್ಳಿ, ಮತ್ತೆ ಶುರು ಮಾಡೋಕೆ ಮೊದ್ಲೇ "ಕೈ ಎತ್ತಿದ್ರೆ ನಿಲ್ಲಿಸ್ತೀವಿ ಅಮ್ಮ" ಅಂತ ಡಾಕ್ಟರ್ ಬಾಯಲ್ಲೇ ಹೇಳಿಸಿ, ಹೆದರಿದ ಹೊಟ್ಟೆ ಬಿಗಿ ಹಿಡ್ಕೊಂಡ್ರೆ ಸ್ಕೋಪ್ ಹೋಗೋದೂ ಕಷ್ಟ ಆಗತ್ತೆ. ರಕ್ತ ಕಮ್ಮಿಗೆ ಕಾರಣ ಹುಡುಕ್ತಿರೋದ್ರಿಂದ ಬಾಯಿಂದ ಮಾಡೋ ಎಂಡೋಸ್ಕೋಪಿ ಇನ್ನೂ ಆಗಿಲ್ಲ ಅಂದ್ರೆ ಅದೇ ಮಂಪರಲ್ಲಿ ಅದನ್ನೂ ಮುಗಿಸೋಕೆ ಕೇಳಿ.

ಸಿಟಿ ಬಗ್ಗೆ ಕೇಳಿದ್ರಿ. ಮಾಮೂಲಿ ಹೊಟ್ಟೆ ಸಿಟಿ ಬೇರೆ, ಸಿಟಿ ಕೊಲೊನೋಗ್ರಫಿ ಬೇರೆ. ಎರಡನೇದು ಕೊಲೊನೋಸ್ಕೋಪಿ ಪೂರ್ತಿ ಮಾಡೋಕೆ ಆಗದೇ ಇದ್ದೋರಿಗೆ ಒಳ್ಳೆ ದಾರಿ, ದೊಡ್ಡ ಗಡ್ಡೆ, ದೊಡ್ಡ ಪಾಲಿಪ್ ಚೆನ್ನಾಗಿ ತೋರಿಸತ್ತೆ. ಆದ್ರೆ ಅದಕ್ಕೂ ಕರುಳು ಕ್ಲೀನ್ ಮಾಡ್ಬೇಕು, ಅದಕ್ಕೂ ಮಲದ್ವಾರದಿಂದ ಗ್ಯಾಸ್ ತುಂಬ್ತಾರೆ, ಅದೂ ಮಂಪರಿಲ್ದೆ, ಸಣ್ಣ ಮತ್ತೆ ಚಪ್ಪಟೆ ಪಾಲಿಪ್ ತಪ್ಪಿಹೋಗಬಹುದು, ಸಣ್ಣ ರಕ್ತನಾಳ ಸೋರ್ತಿದ್ರೆ ಕಾಣೋದೇ ಇಲ್ಲ, ಬಯಾಪ್ಸಿ ತೆಗೆಯೋಕಾಗಲ್ಲ, ಏನಾದ್ರೂ ಕಂಡ್ರೆ ಮತ್ತೆ ಕೊಲೊನೋಸ್ಕೋಪಿಗೇ ಬರ್ಬೇಕು. ಹಾಗಾಗಿ ಇನ್ನೊಂದ್ಸಲ ಸರಿಯಾದ ತಯಾರಿ ಮಾಡ್ಕೊಂಡು ಸ್ಕೋಪೇ ಮಾಡಿಸಿ, ನುರಿತೋರ ಕೈಲೂ ಆಗಲಿಲ್ಲ ಅಂದ್ರೆ ಮಾತ್ರ ಸಿಟಿ.

ಟೆಸ್ಟ್ ಆದ್ಮೇಲೆ ಕರುಳು ತೂತಾಗೋದು ಸಾವಿರಕ್ಕೆ ಒಬ್ಬರಿಗಿಂತ ಕಮ್ಮಿ, ಆದ್ರೂ ಮನೆಗೆ ಬಂದ ಮೇಲೆ ಹೊಟ್ಟೆ ಕಲ್ಲಿನಂತಾಗಿ ನೋವು ಏರ್ತಾನೇ ಹೋದ್ರೆ, ಜ್ವರ ಬಂದ್ರೆ, ಪಾಲಿಪ್ ತೆಗೆದಿದ್ದು ಎರಡು ವಾರದೊಳಗೆ ರಕ್ತ ಜಾಸ್ತಿ ಹೋದ್ರೆ ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿ ಕೂರ್ಬೇಡಿ, ಸೀದಾ ಎಮರ್ಜೆನ್ಸಿಗೆ ಹೋಗಿ. ಮಂಪರು ಇಂಜೆಕ್ಷನ್ ಕೊಟ್ಟಿದ್ರೆ ಅವತ್ತು ಪೂರ್ತಿ ಅಮ್ಮ ಒಬ್ಬರೇ ಓಡಾಡೋದು, ಒಲೆ ಹತ್ರ ನಿಲ್ಲೋದು ಬೇಡ. ಹೋಗುವಾಗ ಹಳೇ ರಿಪೋರ್ಟು ಮರೀಬೇಡಿ, ಎಲ್ಲಿಗೆ ನಿಲ್ಲಿಸಿದ್ರು, ಯಾಕೆ ನಿಲ್ಲಿಸಿದ್ರು ಅನ್ನೋದು ಈ ಸಲ ಮಾಡೋರಿಗೆ ತುಂಬಾ ಬೇಕಾಗತ್ತೆ.